ಎಡಗೆನ್ನೆಯ ನೆರಳು

ಜನವರಿ ೬, ಸೋಮವಾರ

ಹೊಸ ವರ್ಷಕ್ಕೆ ಹೊಸ ಡೈರಿ. ಲಿಪ್‌ಸ್ಟಿಕ್ ಕಂಪನಿಯವರು ಪುಕ್ಕಟೆ ಕೊಟ್ಟದ್ದು. ಒಳಗಿನ ಗೆರೆಗಳನ್ನು ಎಷ್ಟು ತೆಳುವಾಗಿ ಮುದ್ರಿಸಿದ್ದಾರೆಂದರೆ ಇದ್ದೂ ಇಲ್ಲದ ಹಾಗಿವೆ. ಜಿಪುಣರು, ಶಾಯಿಯಲ್ಲೂ ಉಳಿತಾಯ. ನನ್ನ ಅಕ್ಷರ ಬೆಟ್ಟ ಹತ್ತಿ ಇಳಿಯುತ್ತಿದ್ದರೆ ಅದು ನನ್ನ ತಪ್ಪಲ್ಲ.

ಓದುವವರು ಯಾರೂ ಇಲ್ಲದ ಕಾರಣ ನಿಜವನ್ನೇ ಬರೆಯುತ್ತೇನೆ. ವಯಸ್ಸು ಐವತ್ತಾರು. ಅಂಗಡಿಯವರ ಬಾಯಲ್ಲಿ ಐವತ್ತೊಂದು. ದೊಡ್ಡ ಅಂಗಡಿಯೊಂದರ ನೆಲಮಹಡಿಯಲ್ಲಿ ಮೇಕಪ್ ಕೌಂಟರ್. ಎತ್ತರದ ಕುರ್ಚಿಯಲ್ಲಿ ಗಿರಾಕಿಯನ್ನು ಕೂರಿಸಿ, ಅವರ ಮುಖಕ್ಕೆ ಸರಕು ಹಚ್ಚಿ ತೋರಿಸಿ, ಆಮೇಲೆ ಅದನ್ನೇ ಮಾರುವುದು ನನ್ನ ಕೆಲಸ. ಇಪ್ಪತ್ತೆಂಟು ವರ್ಷದಿಂದ ಗಿರಾಕಿ ಕೂರುತ್ತಾರೆ, ನಾನು ನಿಂತಿರುತ್ತೇನೆ. ಮಂಡಿಗಳೆರಡೂ ಯಾವತ್ತೋ ರಾಜೀನಾಮೆ ಬರೆದುಕೊಟ್ಟಿವೆ, ನಾನೇ ಇನ್ನೂ ಒಪ್ಪಿಕೊಂಡಿಲ್ಲ.

ಇಂದು ಮ್ಯಾನೇಜರ್ ಕೋಣೆಗೆ ಕರೆದರು.

"ಮೇಲಿನ ಮಹಡೀಲಿ ತರಬೇತಿ ಕೋಣೆ ಆಗ್ತಿದೆ. ಹೊಸಬರಿಗೆ ಪಾಠ ಹೇಳೋಕೆ ಒಬ್ಬರು ಬೇಕು. ಕೂತು ಮಾಡೋ ಕೆಲಸ. ಮಾರ್ಚಲ್ಲಿ ದೊಡ್ಡ ಆಫೀಸಿನ ಮೇಡಂ ಬರ್ತಾರೆ. ಅವರ ಮುಂದೆ ಅರ್ಧ ಗಂಟೆ ಮಾಡಿ ತೋರಿಸ್ಬೇಕು, ಅಷ್ಟೇ."

"ಅವರಿಗೆ ಹಿಡಿಸದಿದ್ರೆ?"

"ಕೌಂಟರಿನಲ್ಲಿರೋ ಎರಡು ಕುರ್ಚಿ ಒಂದಾಗತ್ತೆ. ನೀವು, ಇಲ್ಲಾ ನಿಮ್ಮ ಪಕ್ಕದ ಕುರ್ಚಿಯವಳು, ಒಬ್ಬರು ಕೆಳಗೆ ಪ್ಯಾಕಿಂಗಿಗೆ."

ಕೆಳಗೆ ಎಂದರೆ ನೆಲಮಾಳಿಗೆ. ಅಲ್ಲಿ ಕಿಟಕಿ ಇಲ್ಲ, ಕನ್ನಡಿ ಇಲ್ಲ, ಮಾತಾಡಿಸಲು ಮುಖವೂ ಇಲ್ಲ, ಬರೀ ರಟ್ಟಿನ ಡಬ್ಬಗಳು. ಮೇಲೋ ಕೆಳಗೋ ಮಾರ್ಚಿನಲ್ಲಿ ತೀರ್ಮಾನ. ವಿಷಯ ಅಲ್ಲೇ ಹೇಳಿಬಿಟ್ಟೆ: ಮೇಕಪ್ಪಿನಲ್ಲಿ ಎಲ್ಲರೂ ಮಾಡುವ ತಪ್ಪುಗಳು. ಬೇರೆಯವರ ತಪ್ಪು ಹುಡುಕುವುದರಲ್ಲಿ ನನ್ನನ್ನು ಮೀರಿಸಿದವರು ಇಲ್ಲ, ನನ್ನ ಅಮ್ಮನನ್ನು ಬಿಟ್ಟರೆ.

ಜನವರಿ ೧೪, ಮಂಗಳವಾರ

ತಪ್ಪುಗಳನ್ನು ಬರೆಯಲು ಕೂತರೆ ಪುಟ ಸಾಲುತ್ತಿಲ್ಲ. ಫೌಂಡೇಶನ್ ಬಣ್ಣವನ್ನು ಮುಂಗೈಗೆ ಹಚ್ಚಿ ನೋಡುತ್ತಾರೆ. ಅಯ್ಯೋ ಮಾರಾಯ್ತಿ, ಮುಂಗೈಯನ್ನು ಕತ್ತಿನ ಮೇಲಿಟ್ಟುಕೊಂಡು ಓಡಾಡುತ್ತೀಯಾ? ದವಡೆಯ ಅಂಚಿಗೆ ಹಚ್ಚು, ಅಂಗಡಿಯ ಬಾಗಿಲಾಚೆ ಬಿಸಿಲಿಗೆ ಹೋಗು, ಬಣ್ಣ ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂದು ಗೊತ್ತಾಗದಿದ್ದರೆ ಅದೇ ನಿನ್ನ ಬಣ್ಣ. ಇನ್ನು ಕೆಲವರು ಮುಖಕ್ಕೆ ಕ್ರೀಮು ಮೆತ್ತಿದ ಮರುಕ್ಷಣ ಮೇಲೆ ಫೌಂಡೇಶನ್ ಎಳೆಯುತ್ತಾರೆ. ಒಳಗಿನದು ಒಣಗುವ ಮುಂಚೆ ಹೊರಗಿನದು ಜಾರುತ್ತದೆ. ಐದು ನಿಮಿಷ ಕಾಯುವ ತಾಳ್ಮೆ ಇಲ್ಲದವರು ಮೂರು ಗಂಟೆ ಮದುವೆಮನೆಯಲ್ಲಿ ಮುಖ ಉಳಿಸಿಕೊಳ್ಳುವುದು ಹೇಗೆ?

ಕೌಂಟರಿನಲ್ಲಿ ದೀಪ ಬದಲಾಯಿಸಿದ್ದಾರೆ. ಯಾವ ಪುಣ್ಯಾತ್ಮನ ಆಯ್ಕೆಯೋ, ಎಲ್ಲವೂ ಹಳದಿ. ಒಂದೊಂದು ಬಲ್ಬಿನ ಸುತ್ತಲೂ ಬಳೆಯಂತೆ ಬೆಳಕು. ದೂರು ಕೊಟ್ಟೆ. ಬಲ್ಬು ಮೂರು ವರ್ಷದಿಂದ ಅವೇ ಎಂದ ಎಲೆಕ್ಟ್ರಿಷಿಯನ್. ತಾನು ಮಾಡಿದ ಕೆಲಸ ತನಗೇ ನೆನಪಿಲ್ಲ ಅವನಿಗೆ.

ಜನವರಿ ೨೫, ಶನಿವಾರ

ಪಕ್ಕದ ಕುರ್ಚಿಯವಳ ಬಗ್ಗೆ ಬರೆಯಬೇಕು. ಕಳೆದ ಜುಲೈಯಲ್ಲಿ ಬೇರೆ ಶಾಖೆಯಿಂದ ಬಂದವಳು, ಮೂವತ್ತೆರಡು ವಯಸ್ಸು. ಮಾತಾಡಿದರೆ ಅವಳಿಗೇ ಕೇಳಿಸುತ್ತದೋ ಇಲ್ಲವೋ, ಅಷ್ಟು ಮೆಲ್ಲಗೆ. ಪಿಸುಮಾತು ಎಂದು ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲಿ. ನನ್ನನ್ನು ಅಕ್ಕ ಎನ್ನುತ್ತಾಳೆ. ವಿನಯಕ್ಕೇನೂ ಕಡಿಮೆ ಇಲ್ಲ. ಆದರೆ ನನ್ನ ಗಿರಾಕಿ ಕುರ್ಚಿಯಿಂದ ಎದ್ದರೆ ಸಾಕು, "ಕೊನೇ ಟಚ್ ನಾನು ಕೊಡ್ತೀನಿ ಅಕ್ಕ, ನೀವು ಸ್ವಲ್ಪ ಕೂತ್ಕೊಳ್ಳಿ," ಎಂದು ಅವರನ್ನು ಕರೆದುಕೊಂಡು ಹೋಗುತ್ತಾಳೆ. ಮಂಡಿಗೆ ಸುಖ. ಮನಸ್ಸಿಗೆ ಸಂಶಯ. ನನ್ನ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ತನ್ನ ಕಡೆ ಮಾಡಿಕೊಳ್ಳುತ್ತಿದ್ದಾಳೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ನನಗೆ ಎಲ್ಲ ಕಾಣುತ್ತದೆ.

ಇನ್ನೊಂದು ಚಾಳಿ ಅವಳದು. ಬೆಳಿಗ್ಗೆ ನಾನು ಬಂದ ಕೂಡಲೇ, "ಅಕ್ಕ, ಮುಖದ ಮೇಲೆ ಕೂದಲು ಬಿದ್ದಿದೆ," ಎಂದು ಹತ್ತಿ ತೆಗೆದುಕೊಂಡು ಒರೆಸುತ್ತಾಳೆ. ದಿನಾ ಇಷ್ಟು ಕೂದಲು ಉದುರುತ್ತಿದ್ದರೆ ಇಷ್ಟರಲ್ಲಿ ನಾನು ಬೋಳಾಗಬೇಕಿತ್ತು.

ಫೌಂಡೇಶನ್ ಕಂಪನಿಯವರು ಗುಟ್ಟಾಗಿ ಪಾಕ ಬದಲಿಸಿದ್ದಾರೆ. ಏಳು ಬಣ್ಣದ ಸೀಸೆಗಳೂ ನೋಡಲು ಟೀ ನೀರು. ಅದನ್ನು ಸರಿದೂಗಿಸಲು ಎಲ್ಲರಿಗೂ ಎರಡು ಮೆಟ್ಟಿಲು ಹೆಚ್ಚು ಗುಲಾಬಿ ಇರುವುದನ್ನೇ ಹಚ್ಚುತ್ತಿದ್ದೇನೆ. ಅನುಭವ ಎಂದರೆ ಇದು.

ಫೆಬ್ರವರಿ ೨, ಭಾನುವಾರ

ಅಮ್ಮ ಎಪ್ಪತ್ತೊಂಬತ್ತರ ಮಾಜಿ ದರ್ಜಿ. ಆರು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ, ಎದುರು ಮನೆಯ ಮೂರನೇ ಮಹಡಿಯಲ್ಲಿ ಯಾರು ಯಾರಿಗೆ ಬೈದರು ಎಂದು ತುಟಿ ನೋಡಿ ಹೇಳುತ್ತಾಳೆ. ಜೀವಮಾನದಲ್ಲಿ ಪೌಡರ್ ಮುಟ್ಟಿದವಳಲ್ಲ. ಇಂದು ನಾನು ಹೊರಗೆ ಹೊರಟಾಗ ತಡೆದಳು.

"ಏನೇ ಇದು, ಮುಖ ಒಂದೂರು, ಕುತ್ತಿಗೆ ಇನ್ನೊಂದೂರು?"

"ಬೆಳಕು ಸರಿ ಇಲ್ಲಮ್ಮ ಇಲ್ಲಿ."

"ಕುಣೀಲಾರದವಳು ನೆಲ ಡೊಂಕು ಅಂದಳಂತೆ. ಹನ್ನೊಂದು ಗಂಟೆ ಬಿಸಿಲು ಕಣೇ ಇದು! ನಡಿ, ನನ್ನ ಕಣ್ಣಿನ ಡಾಕ್ಟರ ಹತ್ರ ಹೋಗಿ ಬರೋಣ."

"ನಂಗೇನಾಗಿದೆ? ನನ್ನ ಕಣ್ಣು ನೆಟ್ಟಗಿದೆ."

"ಹಾಗಾದ್ರೆ ಕೈ ಕೆಟ್ಟಿದೆ," ಎಂದಳು.

ಕೋಪ ಬಂತು. ಕೌಂಟರಿನವಳು ಕನ್ನಡಕ ಹಾಕಿಕೊಂಡು ನಿಂತರೆ ಯಾರು ಕೂರುತ್ತಾರೆ ಅವಳ ಮುಂದೆ? ಬೋಳುತಲೆಯವನ ಹತ್ತಿರ ಕೂದಲಿನ ಎಣ್ಣೆ ಕೊಂಡ ಹಾಗಾಗುತ್ತದೆ. ಅಷ್ಟಕ್ಕೂ ವಯಸ್ಸಾಗಿರುವುದು ಅಮ್ಮನಿಗೆ.

ಫೆಬ್ರವರಿ ೧೧, ಮಂಗಳವಾರ

ಲಿಫ್ಟಿನಲ್ಲಿ ತಾಯಿಯ ಸೊಂಟದ ಮೇಲಿದ್ದ ಮಗು ನನ್ನನ್ನು ನೋಡಿ ಹೋ ಎಂದು ಅತ್ತಿತು. ಹುಬ್ಬು ಸ್ವಲ್ಪ ಗಟ್ಟಿಯಾಯಿತೇನೋ. ಪಟ್ಟಿಗೆ ಸೇರಿಸಿದೆ: ಹುಬ್ಬನ್ನು ಒಂದೇ ಗೆರೆಯಾಗಿ ಎಳೆಯಬಾರದು, ಕೂದಲು ಕೂದಲಾಗಿ ಸಣ್ಣ ಸಣ್ಣ ಗೀಟು ಹಾಕಬೇಕು, ಕಪ್ಪಿಗಿಂತ ಒಂದು ಮೆಟ್ಟಿಲು ತಿಳಿ ಬಣ್ಣ ಆರಿಸಬೇಕು.

ಫೆಬ್ರವರಿ ೨೦, ಗುರುವಾರ

ಕಳ್ಳಿ ಸಿಕ್ಕಿಬಿದ್ದಳು.

ಬ್ಯಾಂಕಿನ ಮೇಡಂ ಹನ್ನೆರಡು ವರ್ಷದಿಂದ ನನ್ನ ಗಿರಾಕಿ. ಇಂದು ಅವರಿಗೆ ಮುಕ್ಕಾಲು ಗಂಟೆ ಕೂತು, ಅಲ್ಲ ನಿಂತು, ಮುಖ ಮಾಡಿದೆ. ಯಥಾಪ್ರಕಾರ ಪಿಸುಮಾತು ಅವರನ್ನು ಕರೆದುಕೊಂಡು ಹೋದಳು. ನಾನು ಮಂಡಿ ಹಿಡಿದುಕೊಂಡು ಹಿಂದೆಯೇ ಹೋದೆ. ಮೆಟ್ಟಿಲ ಕೆಳಗೆ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕ ಸ್ಟೂಲ್ ಹಾಕಿ ಮೇಡಮ್ಮನ್ನು ಕೂರಿಸಿದ್ದಾಳೆ! ಹತ್ತಿಯಿಂದ ನನ್ನ ಕೆಲಸವನ್ನೆಲ್ಲ ಒರೆಸಿ ಹಾಕಿ ಹೊಸದಾಗಿ ಹಚ್ಚುತ್ತಿದ್ದಾಳೆ. ಮೇಡಂ ಏನೂ ಅನ್ನದೆ ಮುಖ ಒಡ್ಡಿಕೊಂಡು ಕೂತಿದ್ದಾರೆ.

ಅವರು ಹೋದ ಮೇಲೆ ಹಿಡಿದುಕೊಂಡೆ. "ಏನೇ ಇದು ಮೋಸ?"

"ಲಿಪ್‌ಸ್ಟಿಕ್ ಸ್ವಲ್ಪ ಆಚೆ ಹೋಗಿತ್ತು ಅಕ್ಕ."

"ಇಪ್ಪತ್ತೆಂಟು ವರ್ಷದಲ್ಲಿ ನನ್ನ ಲಿಪ್‌ಸ್ಟಿಕ್ ಒಂದು ಕೂದಲೆಳೆಯಷ್ಟು ಆಚೆ ಹೋಗಿಲ್ಲ. ನಿನಗೆ ಮೇಲಿನ ಕೋಣೆ ಬೇಕು, ನನ್ನನ್ನ ನೆಲಮಾಳಿಗೆಗೆ ತಳ್ಳೋ ಪ್ಲಾನು. ಮ್ಯಾನೇಜರಿಗೆ ಹೇಳ್ತೀನಿ."

"ಹೇಳಿ ಅಕ್ಕ," ಎಂದಳು. ಜಗಳಕ್ಕೂ ಲಾಯಕ್ಕಿಲ್ಲದವಳು. ಎದುರು ಮಾತಾಡಿದ್ದರೆ ಇನ್ನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಮ್ಯಾನೇಜರಿಗೆ ಹೇಳಲಿಲ್ಲ.

ಮಾರ್ಚ್ ೩, ಸೋಮವಾರ

ಅಭ್ಯಾಸ ಜೋರಾಗಿ ನಡೆದಿದೆ. ಯೋಜನೆ ಹೀಗೆ: ಒಂದೇ ಮುಖ, ಎರಡು ಭಾಗ. ಬಲಗಡೆ ಎಲ್ಲರೂ ಮಾಡುವ ತಪ್ಪುಗಳನ್ನೆಲ್ಲ ಬೇಕೆಂದೇ ಮಾಡುವುದು, ಎಡಗಡೆ ಸರಿಯಾದ ಕ್ರಮ. ಪೌಡರನ್ನು ಕಣ್ಣ ಕೆಳಗೆ ಸುರಿದರೆ ಅದು ಸುಕ್ಕಿನಲ್ಲಿ ಹೋಗಿ ಕೂತು ಹತ್ತು ವರ್ಷ ಮುಂಗಡ ಕೊಡುತ್ತದೆ. ಹಣೆಗೆ, ಮೂಗಿಗೆ ಚೂರು ತಾಗಿಸಿದರೆ ಸಾಕು. ನಕ್ಕು ಉಬ್ಬಿದ ಕೆನ್ನೆಗೆ ಬ್ಲಶ್ ಹಚ್ಚಿದರೆ ನಗು ನಿಂತ ಮೇಲೆ ಕೆಂಪು ಬಾಯಿಯ ಪಕ್ಕಕ್ಕೆ ಇಳಿದಿರುತ್ತದೆ. ಮಸ್ಕಾರದ ಕಡ್ಡಿಯನ್ನು ಸೈಕಲ್ ಪಂಪಿನಂತೆ ಒತ್ತಿದರೆ ಒಳಗೆ ಗಾಳಿ ಹೊಕ್ಕು ಒಣಗುತ್ತದೆ. ಎಲ್ಲ ಬಾಯಿಪಾಠ. ಕಣ್ಣು ಮುಚ್ಚಿ ಮಾಡಬಲ್ಲೆ.

ಮಾಡೆಲ್ ಹುಡುಗಿಯೊಬ್ಬಳನ್ನು ಗೊತ್ತುಮಾಡಿದ್ದಾರೆ.

ಮಾರ್ಚ್ ೧೨, ಬುಧವಾರ

ಆಯಿತು. ಎಲ್ಲವನ್ನೂ ಬರೆದೇ ಏಳುತ್ತೇನೆ.

ಹನ್ನೊಂದಕ್ಕೆ ಕಾರ್ಯಕ್ರಮ. ಹತ್ತೂ ಇಪ್ಪತ್ತಕ್ಕೆ ಸುದ್ದಿ ಬಂತು, ಮಾಡೆಲ್ ಹುಡುಗಿಗೆ ಜ್ವರ. ಮ್ಯಾನೇಜರ್ ಹಣೆ ಹಣೆ ಚಚ್ಚಿಕೊಂಡರು. ನಾನು ಪಿಸುಮಾತಿನ ಕೈ ಹಿಡಿದು ಎಳೆದೆ. ಜಗಳ ಆದಾಗಿನಿಂದ ಅವಳೊಡನೆ ಮಾತು ಬಿಟ್ಟಿದ್ದೆ, ಆದರೆ ಗರಜು ಬಿದ್ದವರಿಗೆ ಮುಖ ಎಲ್ಲಿಯದು?

"ನೀನೇ ಕೂತ್ಕೋ ಕಣೇ."

"ನನ್ನ ಮುಖ ಬೇಡ ಅಕ್ಕ. ಬೇರೆ ಯಾರನ್ನಾದ್ರೂ ಕೇಳಿ."

"ಯಾಕೆ, ನಿನ್ನ ಮುಖಕ್ಕೇನಾಗಿದೆ?"

ಅವಳು ಸುಮ್ಮನೆ ನನ್ನನ್ನೇ ನೋಡಿದಳು. "ನಿಜವಾಗ್ಲೂ ಕೇಳ್ತಿದ್ದೀರಾ?"

"ಇಲ್ಲ, ತಮಾಷೆಗೆ! ಇನ್ನು ನಲವತ್ತು ನಿಮಿಷ ಇದೆ. ನನ್ನ ಮಾನ ಉಳಿಸೇ ಮಾರಾಯ್ತಿ."

"ಎಲ್ಲಾ ಒರೆಸಿ ತೋರಿಸ್ತೀರಾ, ಅಷ್ಟು ಜನರ ಮುಂದೆ?"

"ಒರೆಸದೆ ಹಚ್ಚೋದು ಹೇಗೆ?"

ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟಳು. ಆಮೇಲೆ, "ಸರಿ, ಕೂರ್ತೀನಿ," ಎಂದಳು.

ಮುಂದೆ ಅರವತ್ತು ಹೆಂಗಸರು, ಮಧ್ಯದಲ್ಲಿ ದೊಡ್ಡ ಆಫೀಸಿನ ಮೇಡಂ. ತಲೆಯ ಮೇಲೆ ಎರಡು ದೀಪ, ಅವುಗಳ ಸುತ್ತ ಅದೇ ಹಾಳು ಬಳೆಗಳು. ಹತ್ತಿಯಲ್ಲಿ ಪಿಸುಮಾತಿನ ಮೇಕಪ್ ಒರೆಸುತ್ತಾ ಬಂದೆ. ಅದುವರೆಗೆ ಗುಸುಗುಸು ಎನ್ನುತ್ತಿದ್ದ ಸಭೆ ಗಪ್‌ಚಿಪ್ಪಾಯಿತು. ನನ್ನ ಕೈಚಳಕ ನೋಡಿ ಎಂದುಕೊಂಡೆ. ಅವಳ ಎಡಗೆನ್ನೆಯ ಮೇಲೆ ಏನೋ ನೆರಳು ಬೀಳುತ್ತಿತ್ತು. ದೀಪದವನಿಗೆ ಹೇಳಿದೆ, "ಆ ಲೈಟು ಸ್ವಲ್ಪ ಸರಿಸಪ್ಪಾ, ಎಡಗಡೆ ನೆರಳು." ಸರಿಸಿದ. ಹೋಗಲಿಲ್ಲ. "ಇನ್ನೂ ಸರಿಸು," ಎಂದೆ. ಆಗಲೂ ಹೋಗಲಿಲ್ಲ. ಪಿಸುಮಾತು ಕಣ್ಣು ಮುಚ್ಚಿಕೊಂಡಳು. ಬೆಳಕು ಚುಚ್ಚಿತೇನೋ, ಪಾಪ.

ಬಲಗಡೆ ತಪ್ಪುಗಳನ್ನು ಮಾಡುತ್ತಾ ನಗಿಸಿದೆ. ಎಡಗಡೆ ತೆಳುವಾಗಿ ಒಂದೇ ಕೋಟ್ ಫೌಂಡೇಶನ್, ಒದ್ದೆ ಸ್ಪಾಂಜಿನಲ್ಲಿ ಒತ್ತಿ ಒತ್ತಿ, ಉಜ್ಜದೆ. ಅಷ್ಟೇ. "ಎಡಗಡೆ ಮುಗೀತು," ಎಂದೆ.

ಮುಂದಿನ ಸಾಲಿನಿಂದ ಒಬ್ಬರು ಕೇಳಿದರು, "ಆ ಕಡೆ ಕನ್ಸೀಲರ್ ಮರೆತ್ರಾ ಮೇಡಂ? ಅದನ್ನ ಮುಚ್ಚಲ್ವಾ?"

ಪಾಠದ ಮಧ್ಯೆ ಬಾಯಿ ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. "ಮುಚ್ಚೋಕೆ ಏನಿದೆ ಇಲ್ಲಿ?" ಎಂದು ಸ್ವಲ್ಪ ಜೋರಾಗೇ ಕೇಳಿದೆ. "ಬೇಡದ ಕಡೆ ಕನ್ಸೀಲರ್ ಮೆತ್ತೋದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಒಳ್ಳೇ ಮುಖ ಇದು. ಇದ್ದ ಹಾಗೇ ಇರ್ಲಿ ಬಿಡಿ."

ಆಮೇಲೆ ದೊಡ್ಡ ಆಫೀಸಿನ ಮೇಡಂ ಎದ್ದು ನಿಂತು ಚಪ್ಪಾಳೆ ಹೊಡೆದರು. ಸಭೆಯೆಲ್ಲ ಎದ್ದಿತು. ಯಾರೋ ಮೂಗು ಎಳೆದುಕೊಂಡರು. ಒಂದು ಕನ್ಸೀಲರ್ ಹಚ್ಚದಿದ್ದುದಕ್ಕೆ ಜನ ಇಷ್ಟು ಭಾವುಕರಾಗುತ್ತಾರೆಂದು ಗೊತ್ತಿದ್ದರೆ ಇಪ್ಪತ್ತು ವರ್ಷದ ಹಿಂದೆಯೇ ನಿಲ್ಲಿಸುತ್ತಿದ್ದೆ. ಮೇಡಂ ನನ್ನ ಎರಡೂ ಕೈ ಹಿಡಿದುಕೊಂಡು, "ಈ ಉದ್ಯೋಗದಲ್ಲಿ ಇಂಥ ಮಾತು ಯಾರ ಬಾಯಲ್ಲೂ ಕೇಳಿರಲಿಲ್ಲ," ಎಂದರು. ನಾನೂ ಕೇಳಿರಲಿಲ್ಲ, ಆದರೆ ತಲೆ ಆಡಿಸಿದೆ.

ಪಿಸುಮಾತು ಮುಖ ತೊಳೆಯಲು ಹೋದವಳು ಒಂದು ಗಂಟೆ ಬರಲಿಲ್ಲ.

ಮಾರ್ಚ್ ೧೩, ಗುರುವಾರ

ಕೋಣೆ ನನ್ನದು! ಏಪ್ರಿಲ್ ಇಪ್ಪತ್ತೊಂದಕ್ಕೆ ಶುರು. ಬಾಗಿಲಿಗೆ ನನ್ನ ಹೆಸರಿನ ಬೋರ್ಡು, ಒಳಗೆ ಗಾಲಿ ಇರುವ ಕುರ್ಚಿ. ಮಂಡಿಗಳಿಗೆ ಸುದ್ದಿ ತಿಳಿಸಿದೆ.

ಮಾರ್ಚ್ ೧೫, ಶನಿವಾರ

ಕಾರ್ಯಕ್ರಮದ ಫೋಟೋ ಕೊಟ್ಟರು. ವೇದಿಕೆಯ ಮೇಲೆ ನಾನೊಬ್ಬಳೇ ಕೈ ಮುಗಿದು ನಿಂತಿದ್ದೇನಂತೆ. ಮಬ್ಬಾಗಿ ಬಂದಿದೆ. ಹೆಮ್ಮೆಯಿಂದ ಅಮ್ಮನ ಕೈಗೆ ಕೊಟ್ಟೆ. ಅಮ್ಮ ತುಂಬ ಹೊತ್ತು ನೋಡಿದಳು. ಬೈಯಲಿಲ್ಲ. ಅಮ್ಮ ಬೈಯದಿದ್ದರೆ ನನಗೆ ಹೆದರಿಕೆ.

"ಹೇಗಿದೆ?"

"ಮಗಳೇ, ಒಂದು ಹುಬ್ಬು ಇನ್ನೊಂದಕ್ಕಿಂತ ಬೆರಳಗಲ ಮೇಲಿದೆ. ತುಟಿ ಬಣ್ಣ ಗಲ್ಲಕ್ಕೆ ಇಳಿದಿದೆ. ಕೆನ್ನೆ ಯಾರೋ ಹೊಡೆದ ಹಾಗಿದೆ."

"ಫೋಟೋ ಮಬ್ಬಾಗಿ ಬಂದಿದೆಯಮ್ಮ."

"ಫೋಟೋದಲ್ಲಿ ನಿನ್ನ ಚಪ್ಪಲಿ ಹೊಲಿಗೆ ಕಾಣತ್ತೆ ಕಣೇ." ಎದ್ದು ಬಂದು ನನ್ನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು. "ಎದುರಿಗಿರೋ ಕ್ಯಾಲೆಂಡರ್ ನೋಡು. ಇವತ್ತೆಷ್ಟನೇ ತಾರೀಕು?"

ತಾರೀಕು ಹೋಗಲಿ, ಕ್ಯಾಲೆಂಡರೇ ಕಾಣಲಿಲ್ಲ. ಗೋಡೆಯ ಮೇಲೆ ಬೆಳ್ಳಗೆ ಏನೋ ಇತ್ತು. ಇನ್ನೊ‌ಂದು ಕಣ್ಣು ಮುಚ್ಚಿದರೆ ಅದೂ ಅಷ್ಟೇ.

ಎಲೆಕ್ಟ್ರಿಷಿಯನ್ನು, ಬಲ್ಬು, ಫೌಂಡೇಶನ್ ಕಂಪನಿ, ಡೈರಿ ಗೆರೆ, ಲಿಫ್ಟಿನ ಮಗು, ಬ್ಯಾಂಕಿನ ಮೇಡಂ. ಎಲ್ಲರಿಗೂ ನಾನು ಕ್ಷಮೆ ಕೇಳುವುದಾದರೆ ರಜೆ ಹಾಕಬೇಕು. ಅಮ್ಮ ಒಳಗೆ ಹೋಗಿ ಟೀ ಮಾಡಿದಳು. ಅಳು ಬಂತು, ಅತ್ತೆ. ಕಾಡಿಗೆ ಎಲ್ಲಿಯವರೆಗೆ ಇಳಿಯಿತೋ ದೇವರೇ ಬಲ್ಲ, ನನಗಂತೂ ಕಾಣಲಿಲ್ಲ.

ಮಾರ್ಚ್ ೧೮, ಮಂಗಳವಾರ

ಎರಡೂ ಕಣ್ಣಿಗೆ ಪೊರೆ, ಚೆನ್ನಾಗಿ ಬಲಿತಿದೆ. ಪೊರೆ ಬಲಿತಷ್ಟೂ ಲೋಕವೆಲ್ಲ ಹಳದಿಯಾಗಿ ಕಾಣುತ್ತದಂತೆ. "ಇದನ್ನಿಟ್ಕೊಂಡು ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು ಡಾಕ್ಟರು. ಜನರಿಗೆ ಬಣ್ಣ ಹೊಂದಿಸಿ ಕೊಡುತ್ತಿದ್ದೆ ಎಂದೆ. ಅವರು ನಗಬಾರದೆಂದು ಬಹಳ ಕಷ್ಟಪಟ್ಟರು.

ಮೆಟ್ಟಿಲ ಕೆಳಗೆ ಸ್ಟೂಲ್ ಹಾಕಿದ್ದೇಕೆ ಎಂದು ಈಗ ಗೊತ್ತಾಯಿತು. ಕೂದಲು ಯಾಕೆ ಅಷ್ಟು ಉದುರುತ್ತಿತ್ತು ಎಂದೂ. ಪಿಸುಮಾತಿನ ಮುಖ ನೋಡಲು ನಾಚಿಕೆ. ಕ್ಷಮೆ ಕೇಳಬೇಕೆಂದು ಹೋಗಿ, ಸ್ಪಾಂಜು ತೊಳೆದಿದ್ದೀಯಾ ಎಂದು ಕೇಳಿ ಬಂದೆ.

ಮ್ಯಾನೇಜರಿಗೆ ಹೇಳಿದೆ. ಅವರು ಬಾಗಿಲು ಹಾಕಿಕೊಂಡರು. "ದೊಡ್ಡ ಆಫೀಸಿಗೆ ಯಾಕೆ ಹೇಳ್ಬೇಕು? ಮಂಡಿ ಆಪರೇಷನ್ ಅಂತ ರಜೆ ಹಾಕಿ. ಬರೋ ಹೊತ್ತಿಗೆ ಕಣ್ಣು ಸರಿಹೋಗಿರತ್ತೆ, ಕೋಣೆ ನಿಮ್ಮದೇ ಇರತ್ತೆ." ಒಪ್ಪಿಕೊಂಡೆ. ಕಲೆ ಕಾಣದ ಹಾಗೆ ಸುಳ್ಳನ್ನು ತೆಳುವಾಗಿ, ಅಂಚು ಬೆರೆಯುವಂತೆ ಹಚ್ಚಿಬಿಟ್ಟೆವು ಇಬ್ಬರೂ ಸೇರಿ.

ಮಾರ್ಚ್ ೨೭, ಗುರುವಾರ

ನಿನ್ನೆ ಬಲಗಣ್ಣು ಆಯಿತು. ಇಂದು ಪಟ್ಟಿ ಬಿಚ್ಚಿದರು. ದೇವರೇ, ಬಿಳಿ ಎಂದರೆ ಇಷ್ಟು ಬಿಳಿಯೇ? ಬಲಗಣ್ಣಿನಲ್ಲಿ ನೋಡಿದರೆ ಹಾಸಿಗೆಯ ಬಟ್ಟೆ ನೀಲಿ ಹಾಕಿ ಒಗೆದ ಹಾಗೆ. ಎಡಗಣ್ಣಿನಲ್ಲಿ ನೋಡಿದರೆ ಅದರ ಮೇಲೆ ಯಾರೋ ಟೀ ಚೆಲ್ಲಿದ ಹಾಗೆ. ಬೆಳಗಿನಿಂದ ಒಂದೊಂದೇ ಕಣ್ಣು ಮುಚ್ಚಿ ಆಡುತ್ತಿದ್ದೇನೆ. ಅಮ್ಮ, "ಮಂಗನ ಆಟ ಸಾಕು, ಔಷಧಿ ಹನಿ ಹಾಕ್ತೀನಿ ಮಲಗು," ಎನ್ನುತ್ತಿದ್ದಾಳೆ.

ಒಂದು ತಿಂಗಳು ಮುಖಕ್ಕೆ ಏನೂ ಹಚ್ಚಬಾರದು ಎಂದರು ಡಾಕ್ಟರು. ಕನ್ನಡಿ ನೋಡಿದೆ. ಮುದುಕಿಯೊಬ್ಬಳು ಇಣುಕುತ್ತಿದ್ದಳು. ನಮಸ್ಕಾರ ಎಂದೆ.

ಏಪ್ರಿಲ್ ೧೪, ಸೋಮವಾರ

ಇಂದು ಕೆಲಸಕ್ಕೆ ಹೋದೆ. ಸಿಬ್ಬಂದಿ ಕೋಣೆಯ ಬಾಗಿಲು ತೆಗೆದರೆ ಕಿಟಕಿಯ ಪಕ್ಕ ಒಬ್ಬಳು ಆಗತಾನೆ ಮುಖ ತೊಳೆದು ಟವೆಲ್ಲಿನಲ್ಲಿ ಒತ್ತಿಕೊಳ್ಳುತ್ತಿದ್ದಳು. ಎಡಗಣ್ಣ ಕೆಳಗಿನಿಂದ ದವಡೆಯವರೆಗೆ, ಅಂಗೈಯಗಲ, ಕಡು ನೇರಳೆಗೆಂಪು ಹುಟ್ಟುಮಚ್ಚೆ. ಯಾರೋ ಹೊಸಬಳು ಎಂದುಕೊಂಡೆ. "ಬಂದ್ರಾ ಅಕ್ಕ?" ಎಂದಿತು ಪಿಸುಮಾತಿನ ದನಿ.

ನಿಂತ ಕಡೆಯೇ ನಿಂತೆ. ಅರವತ್ತು ಜನರ ಮುಂದೆ ಈ ಕೆನ್ನೆಯನ್ನು ಒರೆಸಿ ದೀಪದ ಕೆಳಗೆ ಹಿಡಿದಿದ್ದೆ. ದೀಪ ಸರಿಸಲು ಹೇಳಿದ್ದೆ. ಇನ್ನೂ ಸರಿಸು ಎಂದಿದ್ದೆ. ಬೇರೆ ಮುಖ ಹುಡುಕಿ ಎಂದು ಅವಳು ಬೇಡಿಕೊಂಡಾಗ ನಿನ್ನ ಮುಖಕ್ಕೇನಾಗಿದೆ ಎಂದು ಕೇಳಿದವಳೂ ನಾನೇ. ಆ ಚಪ್ಪಾಳೆ ಯಾವುದಕ್ಕೆ ಬಿತ್ತು ಎಂದು ಗೊತ್ತಾಯಿತು. ಇಲ್ಲದ ದೊಡ್ಡ ಮನಸ್ಸಿಗೆ ಬಹುಮಾನವಾಗಿ ಮೇಲಿನ ಕೋಣೆ ಇಸಿದುಕೊಂಡು ಕೂತಿದ್ದೇನೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಬ್ಯಾಗೂ ಇಳಿಸದೆ ಮ್ಯಾನೇಜರ್ ಕೋಣೆಗೆ ಹೋಗಿ ದೊಡ್ಡ ಆಫೀಸಿಗೆ ಫೋನ್ ಹಚ್ಚಿಸಿದೆ. ಬೇಡ ಬೇಡ ಎಂದು ಮೇಜಿನ ಆಚೆಯಿಂದ ಮ್ಯಾನೇಜರ್ ಕೈಯಾಡಿಸುತ್ತಲೇ ಇದ್ದರು. ಅಷ್ಟು ದೂರದಿಂದಲೂ ಅವರ ಕೈ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಅದೇ ತೊಂದರೆ.

"ಮೇಡಂ, ಮುಚ್ಚೋಕೆ ಏನಿದೆ ಅಂದಿದ್ದು ನಾನಲ್ಲ, ನನ್ನ ಕಣ್ಣಿನ ಪೊರೆ," ಎಂದೆ.

ಎಲ್ಲ ಹೇಳಿದೆ. ಮೇಡಂ ಕೇಳಿದರು, "ಎಂಟು ತಿಂಗಳು ಕಣ್ಣು ಕಾಣದೆ ಮೇಕಪ್ ಮಾಡಿದ್ರೂ ಒಂದೇ ಒಂದು ದೂರು ಬರ್ಲಿಲ್ಲವಾ?"

"ಬರೋಕೆ ಅವಳು ಬಿಟ್ರೆ ತಾನೆ? ಒಬ್ಬೊಬ್ಬರನ್ನೂ ಮೆಟ್ಟಿಲ ಕೆಳಗೆ ಕೂರಿಸಿ ಸರಿ ಮಾಡಿ ಕಳಿಸಿದ್ದಾಳೆ. ತಪ್ಪು ಹೇಗೆ ಸರಿ ಮಾಡ್ಬೇಕು ಅಂತ ಈ ಅಂಗಡೀಲಿ ಗೊತ್ತಿರೋದು ಅವಳೊಬ್ಬಳಿಗೇ."

ಮಧ್ಯಾಹ್ನದೊಳಗೆ ಬಾಗಿಲಿನ ಬೋರ್ಡು ಬಿಚ್ಚಿದರು. ಕೋಣೆ ಅವಳಿಗೆ. ಕೌಂಟರಿನಲ್ಲಿ ಉಳಿಯುವ ಒಂದು ಕುರ್ಚಿ ನನಗೆ, ಅದೂ ಡಾಕ್ಟರು ಬರೆದುಕೊಟ್ಟರೆ. ನೆಲಮಾಳಿಗೆ ತಪ್ಪಿತು, ಮಂಡಿಗಳ ರಾಜೀನಾಮೆ ಮತ್ತೆ ತಿರಸ್ಕೃತ.

ನಾಲ್ಕು ಗಂಟೆಗೆ ಸಿಬ್ಬಂದಿ ಕೋಣೆಯಲ್ಲಿ ಅವಳೂ ನಾನೂ ಟೀ ಮುಂದಿಟ್ಟುಕೊಂಡು ಕೂತೆವು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು.

"ಕ್ಷಮಿಸೇ," ಎಂದೆ. "ಆವತ್ತು ವೇದಿಕೆ ಮೇಲೆ ನಿನಗೆ ಮಾಡಬಾರದ್ದು ಮಾಡಿದೆ."

ಅವಳು ಲೋಟದ ಅಂಚು ಒರೆಸುತ್ತಿದ್ದಳು. "ನಾನು ಇಲ್ಲಿಗೆ ಬಂದ ಮೊದಲ ದಿನ, ಇಲ್ಲೇ ಮುಖ ತೊಳ್ಕೊಂಡು ನಿಂತಿದ್ದೆ. ಬಂದವರೆಲ್ಲ ಒಂದ್ಸಲ ಕೆನ್ನೆ ನೋಡಿ, ಆಮೇಲೆ ಗೋಡೆ ನೋಡಿ ಮಾತಾಡಿದ್ರು. ನೀವು ಬಂದು ನೇರ ನನ್ನ ಮುಖ ನೋಡಿ, ಒಳ್ಳೇ ಚರ್ಮ ಕಣೇ ನಿಂದು, ಹಾಳು ಮಾಡ್ಕೋಬೇಡ ಅಂದ್ರಿ. ಮನೆಗೆ ಹೋಗಿ ಅಮ್ಮನ ಹತ್ರ ಹೇಳ್ಕೊಂಡು ಅತ್ತಿದ್ದೆ ಅಕ್ಕ. ಇಂಥವರೂ ಇರ್ತಾರಾ ಅಂತ."

ನಾನು ಬಿಸ್ಕತ್ತಿನ ತಟ್ಟೆಯನ್ನು ಅವಳ ಕಡೆ ತಳ್ಳಿದೆ.

"ಆ ಲೈಟ್ ಸರಿಸಿ ಅಂದ್ರಲ್ಲ," ಎಂದಳು, "ಅಲ್ಲೀವರೆಗೂ ನಿಮ್ಮ ಕೈ ಹತೋಟಿ ತಪ್ಪಿದೆ ಅಂದ್ಕೊಂಡಿದ್ದೆ, ಆವತ್ತು ಗೊತ್ತಾಯ್ತು. ಒಳ್ಳೆತನ ಅಲ್ಲ, ಪೊರೆ ಅಂತ."

"ಗೊತ್ತಾದ ಮೇಲೂ ಎದ್ದು ಹೋಗ್ಲಿಲ್ಲವಲ್ಲೇ ನೀನು!"

"ಅಷ್ಟು ಹೊತ್ತಿಗೆ ನಿಮ್ಮನ್ನ ಅಕ್ಕ ಅನ್ನೋಕೆ ಶುರು ಮಾಡಿ ಎಂಟು ತಿಂಗಳು ಆಗಿಹೋಗಿತ್ತಲ್ಲ. ಹೇಗೆ ಎದ್ದು ಹೋಗ್ಲಿ?" ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ಈಗ ಕಾಣ್ತಿದೆಯಾ?"

ಜನರ ಮುಖದ ಬಗ್ಗೆ ಸಿಹಿ ಸುಳ್ಳು ಹೇಳಿಯೇ ಇಪ್ಪತ್ತೆಂಟು ವರ್ಷ ಸಂಬಳ ತೆಗೆದುಕೊಂಡವಳು ನಾನು. ನಾಲಿಗೆಯ ತುದಿಗೆ ಒಂದು ಒಳ್ಳೆಯ ಸುಳ್ಳು ಬಂದು ನಿಂತಿತ್ತು. ನುಂಗಿದೆ.

"ಕಾಣ್ತಿದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಮೊದಲು ಕಂಡಿದ್ದೇ ಅದು. ಮುಂದಿನ ತಿಂಗಳು ಇನ್ನೊಂದು ಕಣ್ಣೂ ಆಗತ್ತೆ, ಆಮೇಲೆ ಇನ್ನೂ ಚೆನ್ನಾಗಿ ಕಾಣತ್ತಂತೆ. ಈಗಲೇ ಹೇಳಿರ್ತೀನಿ."

"ಹಾಗಾದ್ರೆ ಆವತ್ತು ನಾನು ರಜೆ," ಎಂದು ನಕ್ಕಳು. ಅವಳ ಕೈ ಕೆನ್ನೆಯ ಕಡೆಗೆ ಅರ್ಧ ಎದ್ದಿತ್ತು. ಆ ಕೈಯಲ್ಲಿ ಲೋಟ ಎತ್ತಿಕೊಂಡು, ಮುಖ ನನ್ನ ಕಡೆಗೇ ಇಟ್ಟುಕೊಂಡು, ತಣ್ಣಗಾಗಿದ್ದ ಟೀ ಕುಡಿದಳು.